ಬರ್ಮಿಂಗ್‌ಹ್ಯಾಮಿನ ಹೆಣ್ಣುಮಗು: ಪಿಕೆಯು ಕಾಯಿಲೆಗೆ ಪಥ್ಯವೇ ಮದ್ದಾದ ಮೊದಲ ಪ್ರಕರಣ

1951ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಗೆ ತಾಯಿಯೊಬ್ಬರು ತಮ್ಮ ಹೆಣ್ಣುಮಗುವನ್ನು ಕರೆತಂದರು. ಮಗುವಿಗೆ ಸುಮಾರು 17 ತಿಂಗಳು. ನಿಲ್ಲುತ್ತಿರಲಿಲ್ಲ, ನಡೆಯುತ್ತಿರಲಿಲ್ಲ, ಒಂದು ತೊದಲು ಮಾತೂ ಬಂದಿರಲಿಲ್ಲ. ಊಟದಲ್ಲಾಗಲಿ ಸುತ್ತಲಿನವರಲ್ಲಾಗಲಿ ಆಸಕ್ತಿಯಿಲ್ಲ. ದಿನದ ಬಹುಪಾಲು ನರಳುವುದು, ಅಳುವುದು, ತಲೆ ಚಚ್ಚಿಕೊಳ್ಳುವುದು, ಇಷ್ಟೇ. ತಾಯಿ ಮಗಳ ಹೆಸರುಗಳು ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿವೆ. ಈ ಬರಹಕ್ಕೆ ಅವು ಬೇಕಿಲ್ಲ.

ಆಗ ಆ ಆಸ್ಪತ್ರೆಯಲ್ಲಿ ಹಾರ್ಸ್ಟ್ ಬಿಕೆಲ್ ಎಂಬ ಜರ್ಮನ್ ವೈದ್ಯರು ಮಕ್ಕಳ ಮೂತ್ರದಲ್ಲಿ ಯಾವ ಯಾವ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಘಟಕಗಳು, ಹೊರಬೀಳುತ್ತವೆ ಎಂದು ಪರೀಕ್ಷಿಸುತ್ತಿದ್ದರು. ಕಾಗದದ ಮೇಲೆ ಹನಿಯನ್ನು ಹರಿಯಬಿಟ್ಟು ಒಳಗಿನ ಪದಾರ್ಥಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವ ಕ್ರೊಮ್ಯಾಟೊಗ್ರಫಿ ವಿಧಾನ ಆಗ ಹೊಸತು. ಆಸ್ಪತ್ರೆಯ ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದ್ದ ಜೀವರಸಾಯನ ತಜ್ಞೆ ಎವೆಲಿನ್ ಹಿಕ್‌ಮನ್ಸ್ ಮತ್ತು ಮಕ್ಕಳ ವೈದ್ಯ ಜಾನ್ ಜೆರಾರ್ಡ್, ಬಿಕೆಲ್ ಅವರ ಜೊತೆಗಾರರು. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ಮೂತ್ರವನ್ನು ತಪ್ಪದೆ ಪರೀಕ್ಷಿಸುವ ಕೆಲಸದಲ್ಲಿ ಈ ಮಗು ಸಿಕ್ಕಿತು. ಕಾಗದದ ಮೇಲೆ ಫಿನೈಲ್‌ಅಲನೈನ್ ಎಂಬ ಅಮೈನೋ ಆಮ್ಲದ ಚುಕ್ಕೆ ಗಾಢವಾಗಿ ಮೂಡಿತ್ತು. ರೋಗನಿರ್ಣಯದಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ: ಫಿನೈಲ್‌ಕೀಟೋನ್ಯೂರಿಯಾ, ಚಿಕ್ಕದಾಗಿ ಪಿಕೆಯು, ಆ ಅಮೈನೋ ಆಮ್ಲವನ್ನು ದೇಹ ಮಾರ್ಪಡಿಸಲಾರದ ಹುಟ್ಟು ಕಾಯಿಲೆ.

ಬಿಕೆಲ್ ಹೆಮ್ಮೆಯಿಂದ ಆ ಕಾಗದವನ್ನು ತಾಯಿಗೆ ತೋರಿಸಿದರು. ತಾಯಿಗೆ ಅದರಿಂದ ಏನೂ ಅನಿಸಲಿಲ್ಲ. ಮಗುವಿಗೆ ಏನು ಮಾಡುತ್ತೀರಿ ಎಂಬುದಷ್ಟೇ ಅವರ ಪ್ರಶ್ನೆ. ಮಾಡುವುದಕ್ಕೆ ಏನೂ ಇಲ್ಲ ಎಂಬ ಉತ್ತರವನ್ನು ಅವರು ಒಪ್ಪಲಿಲ್ಲ. ಪ್ರತಿದಿನ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲ ಬಳಿ ನಿಂತು ಅದೇ ಪ್ರಶ್ನೆಯನ್ನು ಕೇಳತೊಡಗಿದರು. ಇದನ್ನು ಬಿಕೆಲ್ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಇಡೀ ಪ್ರಕರಣ ಶುರುವಾದದ್ದು ಈ ಹಟದಿಂದ. ರೋಗಕ್ಕೆ ಹೆಸರು ಸಿಕ್ಕಿದ ಕೂಡಲೇ ವೈದ್ಯರಿಗೆ ಅರ್ಧ ಕೆಲಸ ಮುಗಿದ ನಿರಾಳ ಇರುತ್ತದೆ. ಮನೆಯವರಿಗೆ ಕೆಲಸ ಶುರುವಾಗುವುದೇ ಅಲ್ಲಿಂದ.

ಕಾರಣ ತಿಳಿದಿತ್ತು, ದಾರಿ ತಿಳಿದಿರಲಿಲ್ಲ

ಕಾಯಿಲೆ ಪತ್ತೆಯಾಗಿ ಆಗಲೇ 17 ವರ್ಷ ಕಳೆದಿದ್ದವು. 1934ರಲ್ಲಿ ನಾರ್ವೆಯ ಆಸ್ಲೊ ನಗರದಲ್ಲಿ ಇನ್ನೊಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ವೈದ್ಯ ಅಸ್ಬ್ಯೋರ್ನ್ ಫೋಲಿಂಗ್ ಅವರ ಬಳಿ ತಂದಿದ್ದರು. ಮಕ್ಕಳಿಬ್ಬರಿಗೂ ತೀವ್ರ ಬುದ್ಧಿಮಾಂದ್ಯತೆ. ಅವರ ಮೈಯಿಂದ, ಮೂತ್ರದಿಂದ ಒಂದು ಬಗೆಯ ಮುಗ್ಗಲು ವಾಸನೆ ಬರುತ್ತದೆ ಎಂದು ತಾಯಿ ವರ್ಷಗಳಿಂದ ಹೇಳುತ್ತಲೇ ಬಂದಿದ್ದರು. ಫೋಲಿಂಗ್ ವೈದ್ಯರಾಗುವ ಮೊದಲು ರಸಾಯನಶಾಸ್ತ್ರ ಓದಿದವರು, ಹಾಗಾಗಿ ವಾಸನೆಯ ಮಾತನ್ನು ತಳ್ಳಿಹಾಕಲಿಲ್ಲ. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಎಂದೂ ಕಾಣದ ಹಸಿರು ಬಣ್ಣ ಬಂದಿತು. ಆ ಹಸಿರಿಗೆ ಕಾರಣವಾದ ವಸ್ತುವನ್ನು ಬೇರ್ಪಡಿಸಲು ಎರಡು ತಿಂಗಳು ಬೇಕಾಯಿತು. ಅಷ್ಟು ಕಾಲ ಆ ತಾಯಿ ಮೂತ್ರ ತಂದುಕೊಡುತ್ತಲೇ ಇದ್ದರು, ಒಟ್ಟು ಸುಮಾರು 20 ಲೀಟರ್. ಸಿಕ್ಕಿದ ವಸ್ತು ಫಿನೈಲ್‌ಪೈರುವಿಕ್ ಆಮ್ಲ. ಬಳಿಕ ಫೋಲಿಂಗ್ ಆರೈಕೆ ಸಂಸ್ಥೆಗಳಲ್ಲಿದ್ದ 430 ಮಂದಿಯನ್ನು ಪರೀಕ್ಷಿಸಿದಾಗ ಇನ್ನೂ ಎಂಟು ಮಂದಿಯಲ್ಲಿ ಅದೇ ಹಸಿರು ಕಾಣಿಸಿತು.

ಒಳಗೆ ನಡೆಯುವುದು ಇಷ್ಟು. ನಾವು ತಿನ್ನುವ ಎಲ್ಲ ಪ್ರೋಟೀನಿನಲ್ಲೂ, ಹಾಲಿರಲಿ ಬೇಳೆಯಿರಲಿ ಮೀನಿರಲಿ, ಫಿನೈಲ್‌ಅಲನೈನ್ ಇರುತ್ತದೆ. ಅದರಲ್ಲಿ ದೇಹದ ಬೆಳವಣಿಗೆಗೆ ಬೇಕಾದಷ್ಟನ್ನು ಬಳಸಿಕೊಂಡು ಉಳಿದುದನ್ನು ಯಕೃತ್ತಿನ ಒಂದು ಕಿಣ್ವ ಟೈರೊಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವಾಗಿ ಮಾರ್ಪಡಿಸುತ್ತದೆ. ಆ ಕಿಣ್ವದ ಸೂಚನೆ 12ನೆಯ ವರ್ಣತಂತುವಿನ ಒಂದು ವಂಶವಾಹಿಯಲ್ಲಿದೆ. ತಂದೆಯಿಂದಲೂ ತಾಯಿಯಿಂದಲೂ ಅದರ ಕೆಟ್ಟ ಪ್ರತಿಯೇ ಬಂದರೆ ಕಿಣ್ವ ಕೆಲಸ ಮಾಡುವುದಿಲ್ಲ, ಫಿನೈಲ್‌ಅಲನೈನ್ ರಕ್ತದಲ್ಲಿ ಜಮೆಯಾಗುತ್ತ ಹೋಗುತ್ತದೆ. ಸಾಮಾನ್ಯರ ರಕ್ತದಲ್ಲಿ ಲೀಟರಿಗೆ ಸುಮಾರು 60 ಮೈಕ್ರೊಮೋಲ್ ಇರುವುದು ತೀವ್ರ ಪಿಕೆಯುವಿನಲ್ಲಿ 1,200ನ್ನು ದಾಟುತ್ತದೆ. ಮಿದುಳಿನ ಹೊಸ್ತಿಲಲ್ಲಿ ಇಂಥ ದೊಡ್ಡ ಅಮೈನೋ ಆಮ್ಲಗಳನ್ನು ಒಳಗೆ ಸಾಗಿಸಲು ಇರುವುದು ಒಂದೇ ಬಗೆಯ ವಾಹಕ. ಜಾತ್ರೆಗೆ ಹೊರಟ ಒಂದೇ ಊರಿನ ಜನ ಬಸ್ಸಿನ ಬಾಗಿಲಿಗೆ ಮುಗಿಬಿದ್ದರೆ ಉಳಿದ ಊರಿನವರು ನಿಲ್ದಾಣದಲ್ಲೇ ಉಳಿಯುವಂತೆ, ಫಿನೈಲ್‌ಅಲನೈನ್ ನುಗ್ಗಿದಾಗ ಟೈರೊಸಿನ್, ಟ್ರಿಪ್ಟೊಫ್ಯಾನ್‌ಗಳಿಗೆ ಜಾಗ ಸಿಗದು. ಮಿದುಳಿನ ಸಂದೇಶವಾಹಕಗಳಾದ ಡೋಪಮಿನ್, ಸೆರೊಟೋನಿನ್ ತಯಾರಾಗುವುದು ಇವುಗಳಿಂದಲೇ. ನರಗಳ ಹೊದಿಕೆಯಾದ ಮೈಲಿನ್ ಕೂಡ ಸರಿಯಾಗಿ ಬೆಳೆಯುವುದಿಲ್ಲ. ಕೂದಲಿಗೆ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಸಹ ಟೈರೊಸಿನ್‌ನಿಂದ ಆಗುವಂಥದ್ದು. ಈ ಮಕ್ಕಳ ಕೂದಲು ಮನೆಯ ಉಳಿದವರಿಗಿಂತ ತಿಳಿಯಾಗಿರುವುದಕ್ಕೆ ಇದು ಕಾರಣ.

1951ರ ಹೊತ್ತಿಗೆ ಇದರಲ್ಲಿ ಸಾಕಷ್ಟು ಗೊತ್ತಿತ್ತು. ಕಿಣ್ವದ ಹಂತದಲ್ಲೇ ಕೊರತೆ ಇರಬೇಕೆಂದು ಅಮೆರಿಕದ ಜಾರ್ಜ್ ಜರ್ವಿಸ್ 1947ರಲ್ಲೇ ತೋರಿಸಿದ್ದರು. ಲಂಡನ್ನಿನ ಲಯನೆಲ್ ಪೆನ್ರೋಸ್ ಪಥ್ಯದ ಮೂಲಕ ಪ್ರಯತ್ನವನ್ನೂ ಮಾಡಿ ಕೈಬಿಟ್ಟಿದ್ದರು. ಹುಟ್ಟಿನಿಂದ ಬಂದದ್ದು, ಮಿದುಳಿಗೆ ಹಾನಿ ಆಗಿಹೋಗಿದೆ, ಊಟ ಬದಲಿಸಿದರೆ ಏನಾದೀತು ಎಂಬುದು ಅಂದಿನ ವಿದ್ವಾಂಸರ ಸಾಮಾನ್ಯ ಧೋರಣೆ. ನನಗೆ ಇದು ಸೋಮಾರಿತನದ ವಾದವಾಗಿ ಕಾಣುತ್ತದೆ. ವಂಶವಾಹಿಯನ್ನು ತಿದ್ದಲಾಗದು ಎಂಬುದು ನಿಜ. ಆದರೆ ವಂಶವಾಹಿಯ ತಪ್ಪು ಮಗುವನ್ನು ತಾಕುವುದು ದಿನವೂ ಬಟ್ಟಲಿನಿಂದ ಒಳಹೋಗುವ ಒಂದು ವಸ್ತುವಿನ ಮೂಲಕ ಎಂದಾದಾಗ ಆ ಬಟ್ಟಲನ್ನು ಪರೀಕ್ಷಿಸದೆ ಬಿಡುವುದಕ್ಕೆ ಯಾವ ಸಮರ್ಥನೆಯಿದೆ?

ಇದ್ದಿಲಿನಲ್ಲಿ ಸೋಸಿದ ಪ್ರೋಟೀನು

ಕಷ್ಟವಿದ್ದದ್ದು ಆ ಬಟ್ಟಲನ್ನು ತುಂಬಿಸುವುದರಲ್ಲಿ. ಫಿನೈಲ್‌ಅಲನೈನ್ ಬೇಡವೆಂದರೆ ಪ್ರೋಟೀನನ್ನೇ ಬಿಡಬೇಕು, ಪ್ರೋಟೀನ್ ಬಿಟ್ಟರೆ ಮಗು ಬೆಳೆಯುವುದಿಲ್ಲ. ಫಿನೈಲ್‌ಅಲನೈನ್ ಇಲ್ಲದ ಆಹಾರ ಪ್ರಕೃತಿಯಲ್ಲಿ ಸಿಗುವುದಾದರೆ ಅದು ಸಕ್ಕರೆ, ತುಪ್ಪ, ಎಣ್ಣೆ, ಪಿಷ್ಟ ಮಾತ್ರ.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ಜೀವರಸಾಯನ ತಜ್ಞ ಲೂಯಿ ವುಲ್ಫ್ ಬಳಿ ಇದಕ್ಕೊಂದು ಉಪಾಯವಿತ್ತು. ಹಾಲಿನ ಪ್ರೋಟೀನಾದ ಕೇಸೀನನ್ನು ಆಮ್ಲದಿಂದ ಒಡೆದು ಬಿಡಿ ಅಮೈನೋ ಆಮ್ಲಗಳ ದ್ರಾವಣ ಮಾಡುವುದು, ಅದನ್ನು ಸಕ್ರಿಯ ಇದ್ದಿಲಿನ ಮೂಲಕ ಹಾಯಿಸುವುದು. ಇದ್ದಿಲು ಫಿನೈಲ್‌ಅಲನೈನನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೊತೆಯಲ್ಲೇ ಟೈರೊಸಿನ್, ಟ್ರಿಪ್ಟೊಫ್ಯಾನ್‌ಗಳನ್ನೂ ಹಿಡಿಯುವುದರಿಂದ ಅವನ್ನು ಆಮೇಲೆ ಹೊರಗಿನಿಂದ ಸೇರಿಸಬೇಕು. ಬಿಕೆಲ್ ವುಲ್ಫ್ ಅವರ ಸಲಹೆ ಪಡೆದು ಬರ್ಮಿಂಗ್‌ಹ್ಯಾಮಿನ ಪ್ರಯೋಗಾಲಯದಲ್ಲೇ ಆ ಮಿಶ್ರಣವನ್ನು ತಯಾರಿಸಿದರು. ಔಷಧ ಕಂಪನಿ ಇಲ್ಲ, ಕಾರ್ಖಾನೆ ಇಲ್ಲ. ಒಂದು ಮಗುವಿನ ದಿನದಿನದ ಊಟಕ್ಕೆ ಪ್ರಯೋಗಾಲಯವೇ ಅಡುಗೆಮನೆ. ಮಗುವಿಗೆ ಎರಡು ವರ್ಷವಾಗುವ ಹೊತ್ತಿಗೆ ಪಥ್ಯ ಆರಂಭವಾಯಿತು.

ಮೊದಲ ವಾರಗಳಲ್ಲಿ ಕೊಟ್ಟ ಆಹಾರದಲ್ಲಿ ಫಿನೈಲ್‌ಅಲನೈನ್ ಇರಲೇ ಇಲ್ಲ ಎನ್ನಬೇಕು. ರಕ್ತದ ಮಟ್ಟ ಇಳಿಯಿತು, ಮೂತ್ರದ ಹಸಿರು ಹೋಯಿತು. ಆದರೆ ಸ್ವಲ್ಪ ದಿನಗಳಲ್ಲಿ ಮಗುವಿನ ತೂಕವೂ ಇಳಿಯತೊಡಗಿತು, ಮೂತ್ರದಲ್ಲಿ ಎಲ್ಲ ಬಗೆಯ ಅಮೈನೋ ಆಮ್ಲಗಳೂ ಕಾಣಿಸಿಕೊಂಡವು. ಫಿನೈಲ್‌ಅಲನೈನ್ ದೇಹಕ್ಕೆ ಬೇಕೇ ಬೇಕಾದ, ದೇಹ ತಾನಾಗಿ ತಯಾರಿಸಲಾರದ ವಸ್ತು. ಹೊರಗಿನಿಂದ ಸಿಗದಿದ್ದಾಗ ದೇಹ ತನ್ನದೇ ಸ್ನಾಯುವನ್ನು ಕರಗಿಸಿ ಅದನ್ನು ಪಡೆಯಲು ಹೊರಟಿತ್ತು. ವೈದ್ಯರು ಅಳತೆ ಮಾಡಿದ ಸ್ವಲ್ಪ ಹಾಲನ್ನು ಪಥ್ಯಕ್ಕೆ ಸೇರಿಸಿದರು. ತೂಕ ಮತ್ತೆ ಏರಿತು. ಪಿಕೆಯು ನಿರ್ವಹಣೆಯ ಎಲ್ಲ ಕಷ್ಟವೂ ಅಡಗಿರುವುದು ಆ ಅಳತೆಯ ಹಾಲಿನಲ್ಲಿ. ವಿಷವೆಂದು ಪೂರ್ತಿ ಬಿಟ್ಟುಬಿಡಬಹುದಾಗಿದ್ದರೆ ಮನೆಯವರ ಕೆಲಸ ಸುಲಭವಾಗುತ್ತಿತ್ತು. ಇಲ್ಲಿ ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು. ನಡುವಿನ ಕಿರಿದಾದ ಪಟ್ಟಿ ಎಲ್ಲಿದೆ ಎಂಬುದು ಪ್ರತಿ ಮಗುವಿಗೂ, ಪ್ರತಿ ವಯಸ್ಸಿಗೂ ಬೇರೆ.

ಮುಂದಿನ ಹತ್ತು ತಿಂಗಳ ಅವಧಿಯಲ್ಲಿ ಆದ ಬದಲಾವಣೆಗಳನ್ನು ಬಿಕೆಲ್ ತಂಡ ಬರೆದಿಟ್ಟಿದೆ. ಮಗು ತೆವಳಿತು, ನಿಂತಿತು, ಕುರ್ಚಿ ಹತ್ತಿತು. ಕಣ್ಣಿಗೆ ಕಳೆ ಬಂದಿತು. ಕೂದಲ ಬಣ್ಣ ಗಾಢವಾಯಿತು. ಎಡೆಬಿಡದ ಅಳು ಮತ್ತು ತಲೆ ಚಚ್ಚಿಕೊಳ್ಳುವುದು ನಿಂತವು. ಮಾತಿನ ಬಗ್ಗೆ ಅಂಥ ಸುದ್ದಿಯೇನೂ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ತಾಯಿಗೆ ತಿಳಿಸದ ಪರೀಕ್ಷೆ

ಇಷ್ಟಾದರೂ ಅನುಮಾನಿಸುವವರಿಗೆ ಅವಕಾಶವಿತ್ತು. ವಯಸ್ಸಾದಂತೆ ಎಂಥ ಮಗುವೂ ಒಂದಿಷ್ಟು ಮುಂದೆ ಹೋಗುತ್ತದೆ. ದಿನವೂ ಆಸ್ಪತ್ರೆಗೆ ಬಂದು ಹೋಗುವ ಮಗುವಿಗೆ ಸಿಕ್ಕಿದ ಆರೈಕೆಯೇ ಬದಲಾವಣೆಗೆ ಕಾರಣವಾಗಿರಬಹುದು. ಆಸೆಗಣ್ಣಿನಿಂದ ನೋಡುವ ತಾಯಿಗೆ ಇಲ್ಲದ ಸುಧಾರಣೆಯೂ ಕಂಡೀತು. ಇರುವುದು ಒಂದೇ ಮಗು, ಹೋಲಿಸಿ ನೋಡಲು ಇನ್ನೊಂದಿಲ್ಲ.

ತಂಡ ಮಾಡಿದ್ದು ಹೀಗೆ: ತಾಯಿಗೆ ಹೇಳದೆ, ಮನೆಗೆ ಕೊಡುವ ಮಿಶ್ರಣಕ್ಕೆ ದಿನಕ್ಕೆ 5 ಗ್ರಾಂ ಫಿನೈಲ್‌ಅಲನೈನ್ ಬೆರೆಸಿದರು. ಒಂದು ದಿನದೊಳಗೆ ಮಗು ಮತ್ತೆ ಅಳತೊಡಗಿತು, ತಲೆ ಚಚ್ಚಿಕೊಂಡಿತು, ನಿಲ್ಲಲಾರದೆ ಹೋಯಿತು, ತೆವಳುವುದೂ ಕಷ್ಟವಾಯಿತು. ಹತ್ತು ತಿಂಗಳಲ್ಲಿ ಗಳಿಸಿದ್ದು ಕೆಲವೇ ಗಂಟೆಗಳಲ್ಲಿ ಕಳೆದುಹೋದದ್ದನ್ನು ಕಂಡು ತಾಯಿ ಕಂಗಾಲಾದರು. ಆಮೇಲೆ ವೈದ್ಯರು ವಿಷಯ ತಿಳಿಸಿದರು. ತಾಯಿಯ ಒಪ್ಪಿಗೆ ಪಡೆದು, ಮಗುವನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಪಥ್ಯವಿದ್ದಾಗ ಮತ್ತು ತಪ್ಪಿದಾಗ ಮಗು ಹೇಗಿರುತ್ತದೆಂದು ಚಲನಚಿತ್ರವಾಗಿ ಸೆರೆಹಿಡಿದರು. 1953ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಈ ಪ್ರಕರಣ ಪ್ರಕಟವಾಯಿತು.

ವಿಧಾನದ ದೃಷ್ಟಿಯಿಂದ ಇದು ಅಪರೂಪದ ಚೊಕ್ಕ ಕೆಲಸ. ಕೊಟ್ಟು ನೋಡಿ, ತೆಗೆದು ನೋಡಿ, ಮತ್ತೆ ಕೊಟ್ಟು ನೋಡಿ, ನೋಡುವವರಿಗೆ ಯಾವಾಗ ಏನಿದೆ ಎಂಬುದು ತಿಳಿಯದಿರಲಿ. ಒಬ್ಬನೇ ರೋಗಿಯಿರುವ ಅಪರೂಪದ ಕಾಯಿಲೆಗಳಲ್ಲಿ ಇಂದಿಗೂ ಇದೇ ತರ್ಕ. ಆದರೆ ಮೊದಲ ಸಲ ಮಾಡಿದ್ದನ್ನು ನಾನು ಸಮರ್ಥಿಸಲಾರೆ. ಮನುಷ್ಯರ ಮೇಲಿನ ಪ್ರಯೋಗಕ್ಕೆ ತಿಳಿದು ಕೊಟ್ಟ ಒಪ್ಪಿಗೆ ಬೇಕೆಂದು ನ್ಯೂರೆಂಬರ್ಗ್ ಸಂಹಿತೆ 1947ರಲ್ಲೇ ಹೇಳಿತ್ತು. ಎರಡನೆಯ ಸಲ ಒಪ್ಪಿಗೆ ಕೇಳಿದಾಗ ತಾಯಿ ಕೊಟ್ಟರು ಎಂಬುದೇ ಮೊದಲ ಸಲವೂ ಕೇಳಬಹುದಿತ್ತು ಎನ್ನುವುದಕ್ಕೆ ಸಾಕ್ಷಿ. ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಮಗುವಿನಲ್ಲಿ ಆಗುವ ಅತಿ ಸಣ್ಣ ಬದಲಾವಣೆಯನ್ನೂ ಗುರುತಿಸಬಲ್ಲವರು ಆ ತಾಯಿ ಎಂದು ವೈದ್ಯರಿಗೆ ನಂಬಿಕೆಯಿದ್ದುದರಿಂದಲೇ ಅವರಿಂದ ಮುಚ್ಚಿಟ್ಟದ್ದು. ಅಷ್ಟು ನೆಚ್ಚಿಕೊಂಡವರನ್ನು ಕೆಲಸದಲ್ಲಿ ಪಾಲುದಾರರೆಂದು ಮಾತ್ರ ಎಣಿಸಲಿಲ್ಲ.

ಬಿಕೆಲ್, ಜೆರಾರ್ಡ್, ಹಿಕ್‌ಮನ್ಸ್ ಮೂವರಿಗೂ ಈ ಕೆಲಸಕ್ಕಾಗಿ 1962ರಲ್ಲಿ ಜಾನ್ ಸ್ಕಾಟ್ ಪದಕ ಬಂದಿತು.

ಮಗುವಿಗೆ ಏನಾಯಿತು

ಪಥ್ಯದಿಂದ ಪಿಕೆಯು ಗೆದ್ದ ಕಥೆಯಾಗಿ ಇದನ್ನು ಹೇಳುವವರು ಸಾಮಾನ್ಯವಾಗಿ ಪ್ರಶಸ್ತಿಯ ಹತ್ತಿರ ನಿಲ್ಲಿಸುತ್ತಾರೆ. ಹುಡುಗಿಯ ವಿಷಯ ಅಷ್ಟು ಚೆನ್ನಾಗಿಲ್ಲ. ಎರಡು ವರ್ಷದ ತನಕ ಮಿದುಳಿಗೆ ಆದ ಹಾನಿ ಮರಳಿ ಸರಿಹೋಗಲಿಲ್ಲ. ತೀವ್ರ ಬೌದ್ಧಿಕ ಅಂಗವೈಕಲ್ಯ ಹಾಗೆಯೇ ಉಳಿಯಿತು. ಮನೆಯಲ್ಲಿ ಪಥ್ಯವನ್ನು ನಡೆಸಿಕೊಂಡು ಹೋಗುವುದು ತಾಯಿಗೆ ಆಗದೆ ಹೋಯಿತು, ಪಥ್ಯ ನಿಂತಿತು, ಆಕೆ ಆರೈಕೆ ಸಂಸ್ಥೆಯಲ್ಲಿ ಬದುಕು ಕಳೆದಳು. ಬಾಗಿಲ ಬಳಿ ನಿಂತು ಚಿಕಿತ್ಸೆ ಹುಡುಕಿಸಿದ ತಾಯಿಗೇ ಆ ಚಿಕಿತ್ಸೆಯನ್ನು ಮುಂದುವರಿಸಲು ಆಸರೆ ಸಿಗಲಿಲ್ಲ ಎಂಬುದನ್ನು ಪ್ರಕರಣದ ಫಲಿತಾಂಶದ ಭಾಗವೆಂದೇ ನಾನು ಓದುತ್ತೇನೆ. ಪಥ್ಯದ ಗುಣ ಸಾಬೀತಾಯಿತು. ಅದನ್ನು ಒಬ್ಬ ತಾಯಿ ಒಬ್ಬಂಟಿಯಾಗಿ ವರ್ಷಗಟ್ಟಲೆ ನಡೆಸಲಾರಳು ಎಂಬುದೂ ಸಾಬೀತಾಯಿತು.

ಇದೇ ಪ್ರಕರಣ ಇನ್ನೊಂದನ್ನೂ ಸ್ಪಷ್ಟಪಡಿಸಿತು. ಪಥ್ಯ ಫಲ ಕೊಡಬೇಕಾದರೆ ಲಕ್ಷಣ ಕಾಣುವ ಮೊದಲೇ ಶುರುವಾಗಬೇಕು. ಪಿಕೆಯು ಇರುವ ಮಗು ಹುಟ್ಟುವಾಗ ಎಲ್ಲರಂತೆಯೇ ಇರುತ್ತದೆ, ಏಕೆಂದರೆ ಗರ್ಭದಲ್ಲಿರುವ ತನಕ ತಾಯಿಯ ಯಕೃತ್ತು ಅದರ ಕೆಲಸವನ್ನೂ ಮಾಡುತ್ತಿರುತ್ತದೆ. ಹಾಲು ಕುಡಿಯಲು ತೊಡಗಿದ ಮೇಲೆ ಮಟ್ಟ ಏರುತ್ತದೆ. ಕೆಲವು ತಿಂಗಳಾದ ಮೇಲೆ ತಾಯಿಗೆ ಏನೋ ಸರಿಯಿಲ್ಲ ಅನ್ನಿಸುವ ಹೊತ್ತಿಗೆ ಹಾನಿ ನಡೆದಿರುತ್ತದೆ. ಬ್ರಿಟನ್ನಿನಲ್ಲಿ ಒದ್ದೆ ಲಂಗೋಟಿಯ ಮೇಲೆ ಫೆರಿಕ್ ಕ್ಲೋರೈಡ್ ಹನಿಸಿ ನೋಡುವ ಪದ್ಧತಿ ಬಂದರೂ, ಹಸಿರು ಬಣ್ಣ ಮೂಡಲು ಮಗುವಿಗೆ ಕೆಲವು ವಾರಗಳಾಗಬೇಕಿತ್ತು.

ಪರಿಹಾರ ಬಂದದ್ದು ಅಮೆರಿಕದ ಬಫಲೊ ನಗರದ ರಾಬರ್ಟ್ ಗತ್ರಿ ಅವರಿಂದ. ಕ್ಯಾನ್ಸರ್ ಸಂಶೋಧನೆಯಲ್ಲಿದ್ದ ಸೂಕ್ಷ್ಮಜೀವಿ ತಜ್ಞ ಅವರು. ಅವರ ಮಗನಿಗೆ ಬೌದ್ಧಿಕ ಅಂಗವೈಕಲ್ಯವಿತ್ತು, ಹೆಂಡತಿಯ ಕಡೆಯ ಒಂದು ಮಗುವಿಗೆ ಪಿಕೆಯು ತಡವಾಗಿ ಪತ್ತೆಯಾಗಿತ್ತು. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ರಾಸಾಯನಿಕವನ್ನು ತಟ್ಟೆಯಲ್ಲಿ ಬೆರೆಸಿ, ಅದರ ಮೇಲೆ ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಒಣಗಿದ ಚುಕ್ಕೆಯನ್ನು ಇಡುವುದು ಅವರ ಉಪಾಯ. ರಕ್ತದಲ್ಲಿ ಫಿನೈಲ್‌ಅಲನೈನ್ ಹೆಚ್ಚಿದ್ದರೆ ತಡೆ ಮುರಿದು ಚುಕ್ಕೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅಗ್ಗ, ಸುಲಭ, ಕಾಗದವನ್ನು ಅಂಚೆಯಲ್ಲಿ ಕಳುಹಿಸಬಹುದು. 1960ರ ದಶಕದ ಆರಂಭದಲ್ಲಿ ಅಮೆರಿಕದ 29 ರಾಜ್ಯಗಳಲ್ಲಿ 4 ಲಕ್ಷ ಶಿಶುಗಳನ್ನು ಹೀಗೆ ಪರೀಕ್ಷಿಸಿದಾಗ 39 ಮಕ್ಕಳಲ್ಲಿ ಪಿಕೆಯು ಪತ್ತೆಯಾಯಿತು. ಹುಟ್ಟಿದ ಮೊದಲ ವಾರಗಳಲ್ಲೇ ಪಥ್ಯ ಹಿಡಿದ ಮಕ್ಕಳು ಶಾಲೆಗೆ ಹೋದರು, ಓದಿದರು, ಕೆಲಸಕ್ಕೆ ಸೇರಿದರು. ಬರ್ಮಿಂಗ್‌ಹ್ಯಾಮಿನ ಮಗುವಿನಲ್ಲಿ ಕಂಡದ್ದರ ಪೂರ್ಣ ಲಾಭ ಸಿಕ್ಕಿದ್ದು ಅವಳಿಗಿಂತ ಹತ್ತಾರು ವರ್ಷ ಕಿರಿಯರಾದ, ಅವಳನ್ನು ಎಂದೂ ಕಾಣದ ಮಕ್ಕಳಿಗೆ.

ಇಂದಿನ ಅಡುಗೆಮನೆಯಲ್ಲಿ

ಏಳು ದಶಕಗಳ ನಂತರವೂ ಚಿಕಿತ್ಸೆಯ ತಿರುಳು ಬದಲಾಗಿಲ್ಲ: ಫಿನೈಲ್‌ಅಲನೈನ್ ಇಲ್ಲದ ಅಮೈನೋ ಆಮ್ಲಗಳ ಪುಡಿ, ಜೊತೆಗೆ ಅಳತೆ ಮಾಡಿದ ಮನೆಯ ಊಟ. ಪ್ರೋಟೀನಿನ ಒಂದು ಗ್ರಾಮಿನಲ್ಲಿ ಸುಮಾರು 50 ಮಿಲಿಗ್ರಾಂ ಫಿನೈಲ್‌ಅಲನೈನ್ ಇರುತ್ತದೆ ಎಂಬುದು ಎಲ್ಲ ಲೆಕ್ಕದ ಬುಡ. ತೀವ್ರ ಪಿಕೆಯು ಇರುವ ಮಗುವೊಂದು ದಿನಕ್ಕೆ 300 ಮಿಲಿಗ್ರಾಂ ತಾಳಿಕೊಳ್ಳಬಲ್ಲದು ಎಂದಿಟ್ಟುಕೊಳ್ಳೋಣ. ಅಂದರೆ ಊಟದಿಂದ ಬರುವ ಪ್ರೋಟೀನು 6 ಗ್ರಾಂ. 200 ಮಿಲಿಲೀಟರಿನ ಒಂದು ಲೋಟ ಹಸುವಿನ ಹಾಲಿನಲ್ಲೇ ಅದು ಮುಗಿದು ಸ್ವಲ್ಪ ಮೀರುತ್ತದೆ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 7 ಗ್ರಾಂ ಪ್ರೋಟೀನಿದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 100 ಗ್ರಾಂ ಅನ್ನದಲ್ಲಿ ಎರಡೂವರೆ ಗ್ರಾಂ ಆಸುಪಾಸು, ಹಾಗಾಗಿ ತೂಗಿ ಬಡಿಸಿದ ಅನ್ನಕ್ಕೆ ಜಾಗವಿದೆ. ಬೇಳೆ, ಕಡಲೆ, ಶೇಂಗಾ, ಮೊಸರು, ಪನೀರು, ಮೀನು, ಮಾಂಸಕ್ಕೆ ಇಲ್ಲ. ಬೇಳೆಯಿಲ್ಲದ ಹುಣಸೆ ಅಥವಾ ಟೊಮೆಟೊ ತಿಳಿಸಾರು, ಸೋರೆ, ಸೌತೆ, ಬೂದುಗುಂಬಳದ ಪಲ್ಯ, ಸೇಬು, ಸಬ್ಬಕ್ಕಿ, ತುಪ್ಪ, ಬೆಲ್ಲ ಇವು ಮಗುವಿನ ತಟ್ಟೆಯನ್ನು ತುಂಬಿಸಬಲ್ಲವು. ಗಟ್ಟಿ ಬೇಳೆ ಹುಳಿ ಮತ್ತು ಮುದ್ದೆಯ ಮೇಲೆ ನಿಂತಿರುವ ಮನೆಗೆ ಇದೇನೂ ಸಣ್ಣ ಬದಲಾವಣೆಯಲ್ಲ.

ಪ್ರೋಟೀನಿನ ಮುಖ್ಯ ಪಾಲು ಬರುವುದು ಆ ಪುಡಿಯಿಂದ. ಅದರ ವಾಸನೆ, ರುಚಿ ಎರಡೂ ಕೆಟ್ಟದು. ಹುಟ್ಟಿನಿಂದ ಕುಡಿದು ಬೆಳೆದ ಮಕ್ಕಳು ಹೇಗೋ ಒಗ್ಗಿಕೊಳ್ಳುತ್ತಾರೆ. ಮೂರು ನಾಲ್ಕನೇ ವಯಸ್ಸಿನಲ್ಲಿ ಮೊದಲ ಬಾರಿ ಕೊಟ್ಟರೆ ದೊಡ್ಡ ರಂಪವೇ ಆಗುತ್ತದೆ. ದಿನದ ಪಾಲನ್ನು ಒಂದೇ ಸಲ ಕುಡಿಸದೆ ಮೂರು ನಾಲ್ಕು ಸಲ ಹಂಚಿ ಊಟದ ಜೊತೆ ಕೊಟ್ಟರೆ ದೇಹ ಚೆನ್ನಾಗಿ ಬಳಸಿಕೊಳ್ಳುತ್ತದೆ.

ಮನೆಯವರು ಸಾಮಾನ್ಯವಾಗಿ ಎಡವುವ ಜಾಗ ಜ್ವರ. ಮಗು ಏನೂ ತಿನ್ನದಿದ್ದರೂ ಆಗ ಮಟ್ಟ ಏರುತ್ತದೆ. ಹೊಟ್ಟೆಗೆ ಏನೂ ಬೀಳದಾಗ ದೇಹ ತನ್ನ ಸ್ನಾಯುವನ್ನೇ ಕರಗಿಸುತ್ತದೆ, ಆ ಸ್ನಾಯುವೂ ಪ್ರೋಟೀನೇ. ಬರ್ಮಿಂಗ್‌ಹ್ಯಾಮಿನಲ್ಲಿ ಶೂನ್ಯ ಪಥ್ಯ ತಂದಿಟ್ಟ ಅದೇ ಸಂಕಟ. ಜ್ವರದ ದಿನಗಳಲ್ಲಿ ಸಕ್ಕರೆ ನೀರು, ಹಣ್ಣಿನ ರಸ, ಸಬ್ಬಕ್ಕಿ ಗಂಜಿಯ ಮೂಲಕ ಶಕ್ತಿ ಒದಗಿಸುತ್ತಲೇ ಇರಬೇಕು. ದೊಡ್ಡವರಾದ ಮೇಲೆ ವ್ರತದ ಉಪವಾಸವೂ ಇವರಿಗೆ ಸಲ್ಲದು. ಸಿಹಿಕಾರಕ ಆಸ್ಪರ್ಟೇಮ್‌ನಲ್ಲಿ ಫಿನೈಲ್‌ಅಲನೈನ್ ಇದೆ. ಸಕ್ಕರೆಯಿಲ್ಲದ ತಂಪು ಪಾನೀಯದ ಡಬ್ಬಿಯ ಮೇಲೆ ನಮ್ಮಲ್ಲಿ ಕಡ್ಡಾಯವಾಗಿ ಮುದ್ರಿಸುವ ಒಂದು ಎಚ್ಚರಿಕೆಯ ಸಾಲು ಇವರಿಗಾಗಿಯೇ ಇರುವುದು. ಕೋಟ್ಯಂತರ ಜನ ಅರ್ಥ ತಿಳಿಯದೆ ಓದಿ ಬಿಡುವ ಸಾಲು ಅದು.

ಹನ್ನೆರಡು ವರ್ಷದವರೆಗೆ ರಕ್ತದ ಮಟ್ಟವನ್ನು ಲೀಟರಿಗೆ 120ರಿಂದ 360 ಮೈಕ್ರೊಮೋಲ್ ನಡುವೆ ಇಡುವುದು ಗುರಿ. ಬೆಳೆದವರ ವಿಷಯದಲ್ಲಿ ಅಮೆರಿಕದ ತಜ್ಞರು ಅದೇ ಮಿತಿಯನ್ನು ಜೀವನಪೂರ್ತಿ ಹೇಳುತ್ತಾರೆ, ಯುರೋಪಿನವರು 600ರ ತನಕ ಬಿಡುತ್ತಾರೆ. ಹಿಂದೆ ಬಾಲ್ಯ ಕಳೆದ ಮೇಲೆ ಪಥ್ಯ ಬಿಡಬಹುದು ಎಂದು ಅನೇಕ ವೈದ್ಯರು ಹೇಳುತ್ತಿದ್ದರು. ಬಿಟ್ಟವರಲ್ಲಿ ಏಕಾಗ್ರತೆ ಕುಗ್ಗುವುದು, ಖಿನ್ನತೆ, ಆತಂಕ ಕಾಣಿಸಿಕೊಂಡಿದ್ದರಿಂದ ಆ ಸಲಹೆ ಹೋಯಿತು. ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. ಪಥ್ಯ ಬಿಟ್ಟ ತಾಯಿ ಗರ್ಭಿಣಿಯಾದರೆ, ಹೊಟ್ಟೆಯಲ್ಲಿರುವ ಮಗುವಿಗೆ ಪಿಕೆಯು ಇಲ್ಲದಿದ್ದರೂ, ತಾಯಿಯ ರಕ್ತದ ಫಿನೈಲ್‌ಅಲನೈನ್ ಅದರ ಮಿದುಳನ್ನೂ ಹೃದಯವನ್ನೂ ಕೆಡಿಸಬಲ್ಲದು. ಗರ್ಭ ಧರಿಸುವ ಮೊದಲೇ ಮಟ್ಟ ಹತೋಟಿಗೆ ಬಂದಿರಬೇಕು.

ಹೊಸ ಔಷಧಗಳೂ ಇವೆ. 2007ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸ್ಯಾಪ್ರೊಪ್ಟೆರಿನ್, ಕಿಣ್ವ ಸ್ವಲ್ಪವಾದರೂ ಉಳಿದಿರುವ ಕೆಲವರಲ್ಲಿ ಅದನ್ನು ಚುರುಕುಗೊಳಿಸುತ್ತದೆ. 2018ರಲ್ಲಿ ವಯಸ್ಕರಿಗಾಗಿ ಬಂದ ಪೆಗ್‌ವಾಲಿಯೇಸ್ ಚುಚ್ಚುಮದ್ದು ಬೇರೊಂದು ಕಿಣ್ವದಿಂದ ಫಿನೈಲ್‌ಅಲನೈನನ್ನು ಒಡೆಯುತ್ತದೆ, ತೀವ್ರ ಅಲರ್ಜಿಯ ಅಪಾಯ ಅದಕ್ಕಿದೆ. ರಕ್ತದಲ್ಲಿ ಫಿನೈಲ್‌ಅಲನೈನ್ ಹೆಚ್ಚಿದೆ ಎಂದು ತಿಳಿದ ಪ್ರತಿ ಶಿಶುವಿನಲ್ಲೂ ಇನ್ನೊಂದು ತಪಾಸಣೆ ಆಗಲೇಬೇಕು: ಕಿಣ್ವ ಸರಿಯಿದ್ದು, ಅದರ ಸಹಾಯಕವಾದ ಟೆಟ್ರಾಹೈಡ್ರೊಬಯೋಪ್ಟೆರಿನ್ ಕೊರತೆಯಿಂದ ಮಟ್ಟ ಏರಿದೆಯೇ ಎಂಬುದು. ಅಂಥ ಮಕ್ಕಳಿಗೆ ಪಥ್ಯ ಒಂದೇ ಸಾಲದು, ಮಿದುಳಿಗೆ ಬೇಕಾದ ರಾಸಾಯನಿಕಗಳ ಔಷಧವೂ ಬೇಕು.

ಕರ್ನಾಟಕದ ಲೆಕ್ಕ

ಇದು ಬಿಳಿಯರ ಕಾಯಿಲೆ, ನಮಗೇಕೆ ಎನ್ನುವವರಿದ್ದಾರೆ. ಯುರೋಪಿನಲ್ಲಿ ಸರಾಸರಿ 10,000 ಶಿಶುಗಳಲ್ಲಿ ಒಂದಕ್ಕೆ ಕಾಣುವ ಪಿಕೆಯು ನಮ್ಮಲ್ಲಿ ಅದಕ್ಕಿಂತ ವಿರಳ ಎಂಬುದು ಸರಿ. ಆದರೆ 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತದ ಚುಕ್ಕೆಗಳನ್ನು ಅಮೈನೋ ಆಮ್ಲಗಳ ತೊಂದರೆಗಾಗಿ ಪರೀಕ್ಷಿಸಿದಾಗ ಇಂಥ ಕಾಯಿಲೆಗಳು ಇಲ್ಲಿಯೂ ಇವೆ ಎಂಬುದು ಖಚಿತವಾಯಿತು. ಆಸ್ಟ್ರೇಲಿಯಾ, ಜಪಾನ್ ಅಲ್ಲ, ನಮ್ಮದೇ ಬೆಂಗಳೂರು ಮೈಸೂರುಗಳ ಹೆರಿಗೆ ವಾರ್ಡುಗಳ ಮಕ್ಕಳು. ಅದೇ ತಂಡ ತಳಿವಿಜ್ಞಾನಿ ಅಲನ್ ಬಿಟಲ್ಸ್ ಅವರೊಂದಿಗೆ ತಂದೆತಾಯಿಯರ ಸಂಬಂಧವನ್ನೂ ದಾಖಲಿಸಿತು. ಸುಮಾರು ಮೂರನೇ ಒಂದು ಭಾಗ ದಂಪತಿಗಳು ರಕ್ತಸಂಬಂಧಿಗಳು, ಅವರಲ್ಲಿ ಸೋದರಮಾವನನ್ನು ಮದುವೆಯಾದವರ ಸಂಖ್ಯೆ ದೊಡ್ಡದು. ಸಂಬಂಧದೊಳಗಿನ ಮದುವೆಯೇ ಕಾಯಿಲೆಯನ್ನು ಹುಟ್ಟಿಸುವುದಿಲ್ಲ. ಒಂದೇ ಅಜ್ಜಿಯಿಂದ ಇಳಿದುಬಂದ ಒಂದು ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಒಂದೇ ಮಗುವಿನಲ್ಲಿ ಸೇರುವ ಸಂಭವ ಹೆಚ್ಚುತ್ತದೆ, ಅಷ್ಟೇ. ಆ ಕಾರಣಕ್ಕೆ ಸೊಸೆಯನ್ನೋ ಅವಳ ತವರನ್ನೋ ದೂರುವುದು ಅವಿವೇಕ. ಪಿಕೆಯು ಬರಬೇಕಾದರೆ ತಂದೆಯ ಕಡೆಯ ಪ್ರತಿಯೂ ಅಷ್ಟೇ ಕೆಟ್ಟಿರಬೇಕು.

ಅಂದು ಅಷ್ಟು ದೊಡ್ಡ ಪರೀಕ್ಷೆ ನಡೆಸಿದ ನಾಡಿನಲ್ಲಿ ಇಂದಿಗೂ ಪ್ರತಿ ಶಿಶುವಿಗೆ ಈ ರಕ್ತ ಪರೀಕ್ಷೆ ಕಡ್ಡಾಯವಾಗಿಲ್ಲ. ದೇಶದ ಮಟ್ಟದಲ್ಲೂ ಇಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಹಣ ಕೊಟ್ಟು ಮಾಡಿಸಿಕೊಳ್ಳುವವರು ಮಾಡಿಸಿಕೊಳ್ಳುತ್ತಾರೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ, ವಿಶೇಷ ಆಹಾರದಿಂದ ನಿಭಾಯಿಸಬಹುದಾದ ಕಾಯಿಲೆಗಳ ಗುಂಪಿನಲ್ಲಿ ಪಿಕೆಯುವನ್ನು ಸೇರಿಸಿದೆ. ಅದರಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೋಡಿಯೂ ಒಂದು. 2022ರಲ್ಲಿ ಪ್ರತಿ ರೋಗಿಗೆ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಪುಡಿಯ ಡಬ್ಬಿ ತಿಂಗಳು ತಿಂಗಳೂ ಬರಬೇಕಾದ ವಸ್ತು. ಒಂದು ಕಂತು ತಡವಾದರೆ ಮಗುವಿನ ರಕ್ತದ ಮಟ್ಟ ಕಡತದ ಸಹಿಗಾಗಿ ಕಾಯುವುದಿಲ್ಲ. ಪತ್ತೆ ಹಚ್ಚುವ ವ್ಯವಸ್ಥೆಯಿಲ್ಲದೆ ನೆರವು ಘೋಷಿಸಿದರೆ ಅದು ತಲುಪುವುದು ಆಗಲೇ ಹಿಂದುಳಿದ ಮಕ್ಕಳಿಗೆ, ಬರ್ಮಿಂಗ್‌ಹ್ಯಾಮಿನ ಮಗುವಿಗೆ ತಲುಪಿದ ಹಾಗೆ.

ತಡವಾಗಿ ಪತ್ತೆಯಾದ ಮಗುವಿಗೂ ಪಥ್ಯ ವ್ಯರ್ಥವಲ್ಲ. ಬುದ್ಧಿಯ ನಷ್ಟ ಮರಳದಿದ್ದರೂ ಕಿರಿಕಿರಿ, ನಿದ್ದೆಗೇಡು, ತನ್ನನ್ನೇ ಹೊಡೆದುಕೊಳ್ಳುವುದು ಅನೇಕರಲ್ಲಿ ತಗ್ಗುತ್ತವೆ, ಆರೈಕೆ ಮಾಡುವವರಿಗೆ ಅದು ಸಣ್ಣ ಲಾಭವಲ್ಲ. ಮನೆಯಲ್ಲಿ ಒಂದು ಮಗುವಿಗೆ ಪಿಕೆಯು ಇದ್ದರೆ ಮುಂದಿನ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಸಂಭವ ಇದ್ದೇ ಇದೆ. ಮೊದಲ ಮಗುವಿನ ವಂಶವಾಹಿ ಪರೀಕ್ಷೆಯ ವರದಿ ಕೈಯಲ್ಲಿದ್ದರೆ ಗರ್ಭದಲ್ಲೇ ತಿಳಿಯಬಹುದು. ಅದು ಆಗದಿದ್ದರೆ ಹುಟ್ಟಿದ 48ರಿಂದ 72 ಗಂಟೆಯೊಳಗೆ ಹಿಮ್ಮಡಿಯ ರಕ್ತದ ಚುಕ್ಕೆ ಪ್ರಯೋಗಾಲಯಕ್ಕೆ ಹೋಗಬೇಕು. ಫಲಿತಾಂಶ ಬರುವ ತನಕ ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ. ಹಸುವಿನ ಹಾಲಿಗಿಂತ ಅದರಲ್ಲಿ ಫಿನೈಲ್‌ಅಲನೈನ್ ಕಡಿಮೆ, ಕಾಯಿಲೆ ಖಚಿತವಾದ ಮೇಲೂ ಪುಡಿಯ ಜೊತೆಗೆ ಅಳತೆಯಲ್ಲಿ ಅದನ್ನೇ ಮುಂದುವರಿಸಬಹುದು.